ಬಾಲ್ಯದ ಗಾಲ್ಫ್ ಚೆಂಡು ಮತ್ತೆ ಬೇಕೆನಿಸಿದರೆ ಯಾವುದನ್ನು ಆರಿಸಿಕೊಳ್ಳಬೇಕು?

"ಈಗಿನ ಬಾಲಲ್ಲಿ ಆ ಮಜಾ ಇಲ್ಲಪ್ಪ." ಐವತ್ತೈದು ದಾಟಿದವರು ನಾಲ್ಕು ಜನ ಡ್ರೈವಿಂಗ್ ರೇಂಜಿನಲ್ಲಿ, ಅಂದರೆ ಹೊಡೆತ ಅಭ್ಯಾಸ ಮಾಡುವ ಮೈದಾನದಲ್ಲಿ, ಸೇರಿದರೆ ಈ ಮಾತು ಬಂದೇ ಬರುತ್ತದೆ. ನಾನೂ ಆ ನಾಲ್ವರಲ್ಲಿ ಒಬ್ಬ. ಮಾತು ಬಂದಾಗಲೆಲ್ಲ ನಾನು ಕೇಳುವುದು ಒಂದೇ: ಯಾವ ಬಾಲು? ಒಬ್ಬರು ಡನ್‌ಲಪ್ 65 ಅನ್ನುತ್ತಾರೆ, ಇನ್ನೊಬ್ಬರು ಟೈಟ್ಲಿಸ್ಟ್ ಬಲಾಟಾ, ಮತ್ತೊಬ್ಬರು ಟಾಪ್‌ಫ್ಲೈಟ್. ನಿಟ್ಟುಸಿರು ಒಂದೇ, ನೆನಪಾಗುತ್ತಿರುವ ವಸ್ತು ಮಾತ್ರ ಬೇರೆ ಬೇರೆ. ಒಂದರ ಒಳಗೆ ರಬ್ಬರ್ ದಾರ ಸುತ್ತಿದೆ, ಮೇಲಿನ ಕವರ್ ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಇನ್ನೊಂದು ಕಲ್ಲಿನಂಥ ಕವರಿನೊಳಗಿನ ಗಟ್ಟಿ ರಬ್ಬರ್ ಉಂಡೆ. ಕೆಲವರಿಗೆ ನೆನಪಿರುವುದು ಅಳತೆಯಲ್ಲೇ ಸಣ್ಣದಾಗಿದ್ದ ಚೆಂಡು. ಹಾಗಾಗಿ ಅಂಗಡಿಗೆ ಹೋಗಿ "ಹಳೇ ಬಾಲಿನ ಥರದ್ದು ಕೊಡಿ" ಎಂದು ಕೇಳಿದರೆ ಸರಿಯಾದದ್ದು ಸಿಗುವುದಿಲ್ಲ. ನಿಮ್ಮದು ಯಾವುದಾಗಿತ್ತು ಅನ್ನುವುದು ಮೊದಲು ತಿಳಿಯಬೇಕು. ಹಳೆಯ ಸ್ಟಾಕ್ ಹುಡುಕುವುದೋ, ಇಂದಿನ ಚೆಂಡುಗಳಲ್ಲೇ ಹತ್ತಿರದ್ದನ್ನು ತೆಗೆದುಕೊಳ್ಳುವುದೋ ಅನ್ನುವ ಲೆಕ್ಕ ಆಮೇಲಿನದು.

ಹೊರಗೆ ಏನಿತ್ತು, ಒಳಗೆ ಏನಿತ್ತು

ಗಾಲ್ಫ್ ಚೆಂಡು ನನ್ನ ಕೈಗೆ ಬಂದದ್ದು ಆಟದಿಂದಲ್ಲ, ಹುಡುಕಾಟದಿಂದ. ಬೆಂಗಳೂರಿನ ಹೈಗ್ರೌಂಡ್ಸ್ ಕಡೆಯ ಗಾಲ್ಫ್ ಕ್ಲಬ್ 1876ರದು. 1970ರ ದಶಕದ ಕೊನೆಯಲ್ಲಿ ಬೇಸಿಗೆ ರಜೆ ಬಂತೆಂದರೆ ನಮ್ಮ ಬೀದಿಯ ಹುಡುಗರೆಲ್ಲ ಕ್ಯಾಡಿ ಕೆಲಸಕ್ಕೆ ಓಡುತ್ತಿದ್ದೆವು. ಬ್ಯಾಗ್ ಹೊರುವುದು, ಚೆಂಡು ಎಲ್ಲಿ ಬಿತ್ತು ನೋಡಿಕೊಳ್ಳುವುದು, ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಡುವುದು. ಆಟ ಮುಗಿದ ಮೇಲೆ ಪೊದೆಯಲ್ಲಿ, ಮೋರಿಯಲ್ಲಿ, ಬೇಲಿಯ ಬುಡದಲ್ಲಿ ಸಿಕ್ಕಿದ ಚೆಂಡು ಸಿಕ್ಕಿದವನದು. ಚೆನ್ನಾಗಿದ್ದರೆ ಆಡುವವರೇ ಕೊಳ್ಳುತ್ತಿದ್ದರು. ಬಾಯಿ ಬಿಟ್ಟ ಬಾಲು ನಮ್ಮ ಪಾಲಿಗೆ.

ಐರನ್ನಿನ, ಅಂದರೆ ಲೋಹದ ತಲೆಯ ಹೊಡೆಯುವ ಕೋಲಿನ (ಕ್ಲಬ್ಬಿನ), ಅಂಚು ಚೆಂಡಿನ ನಡುವಿಗೆ ತಾಗಿದರೆ ಕವರ್ ಅರ್ಧಚಂದ್ರಾಕಾರಕ್ಕೆ ಸೀಳುತ್ತಿತ್ತು. ಅದಕ್ಕೆ ನಾವು ಬಾಯಿ ಬಿಡೋದು ಅನ್ನುತ್ತಿದ್ದೆವು. ಅಂಥದ್ದೊಂದನ್ನು ಒಂದು ಮಧ್ಯಾಹ್ನ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸುಲಿಯಲು ಕೂತೆವು. ಬಿಳಿ ಸಿಪ್ಪೆ ಬಿಡುತ್ತಲೇ ಒಳಗಿನಿಂದ ಚಟ್ ಚಟ್ ಎಂದು ಸಣ್ಣ ಸಿಡಿತ. ಬ್ಲೇಡ್ ತಾಗಿದ ಕಡೆಯೆಲ್ಲ ದಾರ ತುಂಡಾಗಿ ಹಿಂದಕ್ಕೆ ಸೆಳೆದುಕೊಳ್ಳುತ್ತಿತ್ತು, ಚೆಂಡು ಅಂಗೈಯಲ್ಲಿ ಜೀವ ಇದ್ದ ಹಾಗೆ ಹೊರಳುತ್ತಿತ್ತು. ಶಾವಿಗೆಯಷ್ಟು ಸಣ್ಣ, ಚಪ್ಪಟೆ ರಬ್ಬರ್ ದಾರ. ಎಳೆದಷ್ಟೂ ಬರುತ್ತಿತ್ತು. ಅಂಗಳದ ಈ ಮೂಲೆಯಿಂದ ಆ ಮೂಲೆಗೆ ನಾಲ್ಕಾರು ಸಲ ಓಡಾಡಿದರೂ ಮುಗಿಯಲಿಲ್ಲ. ಕೊನೆಗೆ ದೊಡ್ಡ ಗೋಲಿಯಷ್ಟು ಗುಂಡಗಿನ ಮೆತ್ತನೆಯ ಚೀಲ ಉಳಿಯಿತು, ಹಿಚುಕಿದರೆ ಒಳಗೆ ದ್ರವ ಆಡುವುದು ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಹಿರಿಯ ಕ್ಯಾಡಿಯೊಬ್ಬರು ಕೂಗಿಕೊಂಡು ಬಂದರು: "ಲೇ, ಅದನ್ನ ಕುಯ್ಬೇಡ್ರೋ, ಕಣ್ಣಿಗೆ ಹಾರತ್ತೆ!" ಅವರು ಹೇಳಿದ್ದು ಸರಿ. ಒತ್ತಡದಲ್ಲಿರುವ ಆ ದ್ರವ ಚಿಮ್ಮಿ ಮಕ್ಕಳ ಕಣ್ಣಿಗೆ ಪೆಟ್ಟಾದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಹಳೆಯ ಚೆಂಡು ಸಿಕ್ಕರೆ ದಯವಿಟ್ಟು ಕುಯ್ಯಲು ಹೋಗಬೇಡಿ, ಮೊಮ್ಮಕ್ಕಳಿಗೆ ತೋರಿಸಲಿಕ್ಕೆ ಕೂಡ.

ಆ ದಾರವೇ ಹಳೆಯ ಚೆಂಡಿನ ಪ್ರಾಣ. 1898ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಏಕ್ರನ್‌ನಲ್ಲಿ ಕೋಬರ್ನ್ ಹ್ಯಾಸ್ಕೆಲ್, ಗುಡ್‌ರಿಚ್ ರಬ್ಬರ್ ಕಂಪನಿಯ ಬರ್ಟ್ರಮ್ ವರ್ಕ್ ಜೊತೆ ಸೇರಿ, ಬಿಗಿಯಾಗಿ ಎಳೆದ ರಬ್ಬರ್ ದಾರವನ್ನು ಉಂಡೆಯಾಗಿ ಸುತ್ತಿ ಮಾಡಿದ ಚೆಂಡು ಅದರ ಮೂಲ. ಅದಕ್ಕೂ ಮುಂಚೆ ಅರ್ಧ ಶತಮಾನ ನಡೆದದ್ದು ಮಲಯ ನಾಡಿನ ಮರದ ಅಂಟಿನಿಂದ ಮಾಡಿದ ಗಟ್ಟಿ ಗಟ್ಟಾಪರ್ಚಾ ಚೆಂಡು. ಹಳೆಯದಕ್ಕಾಗಿ ಹಂಬಲಿಸಿದವರಲ್ಲಿ ನಾವೇ ಮೊದಲಿಗರಲ್ಲ ಅನ್ನುವುದು ಅಲ್ಲಿಯೇ ಕಾಣುತ್ತದೆ. 1902ರಲ್ಲಿ ಇಂಗ್ಲೆಂಡಿನ ಹಾಯ್‌ಲೇಕ್‌ನಲ್ಲಿ ನಡೆದ ಓಪನ್ ಚಾಂಪಿಯನ್‌ಷಿಪ್‌ನಲ್ಲಿ ಸ್ಯಾಂಡಿ ಹರ್ಡ್ ಅಭ್ಯಾಸದ ದಿನ ಜಾನ್ ಬಾಲ್ ಎಂಬ ಆಟಗಾರರ ಹ್ಯಾಸ್ಕೆಲ್ ಚೆಂಡನ್ನು ಹೊಡೆದು ನೋಡಿ, ಅದರಲ್ಲೇ ಆಡಿ ಗೆದ್ದರು. ಹಳೆಯ ಗಟ್ಟಾಪರ್ಚಾ ಬಿಡದ ಹ್ಯಾರಿ ವಾರ್ಡನ್ ಒಂದೇ ಹೊಡೆತದಿಂದ ಹಿಂದೆ ಬಿದ್ದರು. ಆವತ್ತಿನ ಆ ಹೊಸ ಚೆಂಡೇ ಇವತ್ತು ನಮಗೆ ಹಳೆಯದಾಗಿ, ಬೇಕೆನಿಸುತ್ತಿರುವುದು.

ನಿಮ್ಮದು ಯಾವುದು ಎಂದು ಗುರುತಿಸಲು ಎರಡು ಉಪಾಯ. ಒಂದು, ಹೆಬ್ಬೆರಳ ಉಗುರು. ಮೆತ್ತನೆಯ ಬಲಾಟಾ ಕವರಿಗೆ ಉಗುರು ಒತ್ತಿದರೆ ಸಣ್ಣ ಗೆರೆ ಉಳಿಯುತ್ತದೆ, ಗಟ್ಟಿ ಪ್ಲಾಸ್ಟಿಕ್‌ನಂಥ ಸರ್ಲಿನ್ ಕವರಿಗೆ ಏನೂ ಆಗುವುದಿಲ್ಲ. ಎರಡು, ಅಂಕಿಯ ಬಣ್ಣ. ಟೈಟ್ಲಿಸ್ಟ್‌ನಲ್ಲಿ ಕೆಂಪು ಅಂಕಿ ಅಂದರೆ 90 ಕಂಪ್ರೆಷನ್, ಕಪ್ಪು ಅಂಕಿ ಅಂದರೆ 100. ದಾರದ ಉಂಡೆ ಎಷ್ಟು ಬಿಗಿ ಅನ್ನುವುದರ ಅಳತೆ ಅದು. ಕಪ್ಪು ಅಂಕಿಯ ಚೆಂಡನ್ನು ಬ್ಯಾಗಿನಿಂದ ತೆಗೆದವರನ್ನು ಕಂಡರೆ ನಮಗೆ, ಕ್ಯಾಡಿಗಳಿಗೆ, ತನ್ನಿಂತಾನೇ ಗೌರವ. ಅವರು ಜೋರಾಗಿ ಹೊಡೆಯುವವರು ಎಂದು ನಾವೇ ತೀರ್ಮಾನಿಸಿಬಿಡುತ್ತಿದ್ದೆವು.

ಬಲಾಟಾ ನಿಮ್ಮದಾಗಿದ್ದರೆ

ಬಲಾಟಾ ಅಂದರೆ ದಕ್ಷಿಣ ಅಮೆರಿಕದ ಕಡೆಯ ಒಂದು ಮರದ ಹಾಲು ಗಟ್ಟಿಯಾಗಿ ಆಗುವ ರಬ್ಬರಿನಂಥ ವಸ್ತು. ನಮ್ಮ ಕಾಲಕ್ಕೆ ಬಹುಪಾಲು ಅದರ ಕೃತಕ ರೂಪವೇ ಬಳಕೆಯಲ್ಲಿತ್ತು, ಹೆಸರು ಮಾತ್ರ ಹಳೆಯದೇ ಉಳಿಯಿತು. ಅದರ ಗುಣ ಮಾತಿನಲ್ಲಿ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ವೆಡ್ಜ್‌ನಲ್ಲಿ, ಅಂದರೆ ಹತ್ತಿರದ ಹೊಡೆತಗಳ ಕ್ಲಬ್ಬಿನಲ್ಲಿ, ಹೊಡೆದರೆ ಚೆಂಡು ಒಂದು ಗಳಿಗೆ ಕ್ಲಬ್ಬಿಗೆ ಅಂಟಿಕೊಂಡು ಹೋದ ಹಾಗೆ ಕೈಗೆ ತಿಳಿಯುತ್ತಿತ್ತು. ಗುಳಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲಿನ, ಅಂದರೆ ಗ್ರೀನಿನ, ಮೇಲೆ ಒಮ್ಮೆ ಪುಟಿದು, ಎರಡನೆಯ ಸಲಕ್ಕೆ ಗಕ್ಕನೆ ನಿಲ್ಲುತ್ತಿತ್ತು, ಕೆಲವೊಮ್ಮೆ ಹಿಂದಕ್ಕೂ ಬರುತ್ತಿತ್ತು. ಗ್ರೀನಿನಲ್ಲಿ ಚೆಂಡು ಉರುಳಿಸುವ ಪಟ್ಟರ್ ತಾಗಿದರೆ "ಟಕ್" ಅಲ್ಲ, "ಥಪ್". ಬೆಳಗಿನ ಮಂಜಿನಲ್ಲಿ ಎರಡು ಹೋಲ್ ಆಚೆಯಿಂದ ಸದ್ದು ಕೇಳಿಯೇ ಬಲಾಟಾ ಅಂತ ಹೇಳುವ ಕ್ಯಾಡಿಗಳಿದ್ದರು.

ದೋಷಗಳನ್ನೂ ಮರೆಯಬಾರದು. ಅಷ್ಟು ತಿರುಗುವ ಚೆಂಡು ದೂರ ಹೊಡೆಯುವ ಡ್ರೈವರಿನಲ್ಲೂ ತಿರುಗುತ್ತದೆ. ಸ್ಲೈಸ್, ಅಂದರೆ ಚೆಂಡು ಒಂದು ಪಕ್ಕಕ್ಕೆ ಬಾಗಿ ಹೋಗುವ ದೋಷ, ಇರುವವನಿಗೆ ಸ್ಲೈಸ್ ಇಮ್ಮಡಿ. ಎದುರು ಗಾಳಿಯಲ್ಲಿ ಹೊಡೆದರೆ ಮೇಲೆ ಮೇಲೆ ಹೋಗಿ ಅಲ್ಲೇ ಬೀಳುತ್ತದೆ. ಕೆಲವು ಹೋಲ್‌ಗಳಲ್ಲೇ ಗುಂಡಗಿನ ಆಕಾರ ಕೆಡುತ್ತದೆ. ವೃತ್ತಿಪರರು ಒಂದೇ ಸುತ್ತಿನಲ್ಲಿ ಹಲವು ಚೆಂಡು ಬದಲಾಯಿಸುತ್ತಿದ್ದದ್ದು, ಲೋಹದ ಉಂಗುರದಲ್ಲಿ ತೂರಿಸಿ ದುಂಡಗಿದೆಯೇ ಎಂದು ನೋಡುತ್ತಿದ್ದದ್ದು ಇದಕ್ಕೇ.

ಬಾಯಿ ಬಿಡುವುದಂತೂ ನನ್ನ ಮೈಮೇಲೇ ಬಂದಿತ್ತು. ಒಬ್ಬ ಸದಸ್ಯರು ವಿದೇಶದಿಂದ ತಂದಿದ್ದ ಹೊಸ ಟೈಟ್ಲಿಸ್ಟ್ ಅನ್ನು ನನ್ನ ಕೈಗೆ ಕೊಟ್ಟು ಫೋನಿಗೆ ಒಳಗೆ ಹೋಗಿದ್ದರು. ಕಪ್ಪು ಅಂಕಿ, 3. ಬ್ಯಾಗಿನಲ್ಲಿ ಒಂಬತ್ತರ ಐರನ್ ಇತ್ತು, ಸುತ್ತ ಯಾರೂ ಇರಲಿಲ್ಲ. ಒಂದೇ ಒಂದು ಸಲ ಎಂದುಕೊಂಡು ಬೀಸಿದೆ. ಚೆಂಡು ಹತ್ತು ಗಜ ಉರುಳಿತು. ಎತ್ತಿ ನೋಡಿದರೆ ಕಪ್ಪು 3ರ ಕೆಳಗೆ ಉಗುರಿನಗಲ ಸೀಳು, ಒಳಗಿನ ದಾರ ಕಂದು ಬಣ್ಣಕ್ಕೆ ಇಣುಕುತ್ತಿತ್ತು. ಅವರು ಬಂದ ಮೇಲೆ ನಾನು ಮಾತಾಡದೆ ಅಂಗೈ ಚಾಚಿದೆ. ಅವರು ಚೆಂಡನ್ನು ತಿರುಗಿಸಿ ನೋಡಿ ಕೇಳಿದ್ದು ಇಷ್ಟು: "ತಲೆ ಎತ್ತಿದೆಯಾ ಹೊಡೆಯೋವಾಗ?" ಹೌದು ಸಾರ್ ಎಂದೆ. "ಚೆಂಡು ಹೋಗೋವರೆಗೆ ನೆಲ ನೋಡ್ಬೇಕು. ಇದು ನಿನಗೇ ಇರ್ಲಿ." ನನಗೆ ಗಾಲ್ಫ್‌ನಲ್ಲಿ ಸಿಕ್ಕಿದ ಮೊದಲ ಪಾಠ ಅದು.

ಈಗ ಆಯ್ಕೆ. ಬಲಾಟಾ ನೆನಪಿನವರು ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ಪೆಟ್ಟಿಗೆಯ ಮೇಲೆ "ಸಾಫ್ಟ್" ಎಂದು ಬರೆದದ್ದನ್ನು ಕೊಂಡು ತರುವುದು. ವಿಲ್ಸನ್ ಡ್ಯುಯೊ ಸಾಫ್ಟ್, ಕ್ಯಾಲವೇ ಸೂಪರ್‌ಸಾಫ್ಟ್, ಸ್ರಿಕ್ಸನ್ ಸಾಫ್ಟ್ ಫೀಲ್ ಎಲ್ಲ ಒಳ್ಳೆಯ ಚೆಂಡುಗಳೇ. ಬೆಲೆ ಕಡಿಮೆ, ನಿಧಾನವಾಗಿ ಬೀಸುವವರಿಗೆ ಹಿತ. ಆದರೆ ಅವುಗಳಲ್ಲಿ ಮೆತ್ತಗಿರುವುದು ಒಳಗಿನ ಉಂಡೆ, ಮೇಲಿನ ಕವರ್ ಸರ್ಲಿನ್ ಜಾತಿಯದು. ಬಲಾಟಾದಲ್ಲಿ ಇದ್ದದ್ದು ಸರಿಯಾಗಿ ತಿರುವುಮುರುವು: ಕವರ್ ಬೆಣ್ಣೆ, 100ರ ಉಂಡೆ ಬಿಗಿ. ಸಾಫ್ಟ್ ಚೆಂಡು ಪಟ್ಟರಿಗೆ ಮೆತ್ತಗೆ ತಾಗುತ್ತದೆ, ಮೊದಲ ಹೋಲ್‌ನಲ್ಲಿ "ಆಹಾ, ಅದೇ" ಅನಿಸುತ್ತದೆ. ಮೂವತ್ತು ಗಜದಿಂದ ಚಿಪ್, ಅಂದರೆ ಗ್ರೀನಿನತ್ತ ಮೆಲ್ಲನೆಯ ಹೊಡೆತ, ಹೊಡೆದಾಗ ನಿಲ್ಲದೆ ಉರುಳಿ ಹೋದರೆ ವ್ಯತ್ಯಾಸ ಬಯಲಾಗುತ್ತದೆ. ನಿಮಗೆ ಬೇಕಾದದ್ದು ಬರೀ ಸದ್ದು ಮತ್ತು ಮೃದುತನವಾದರೆ ಇದು ಸಾಕು. ಆ ಗಕ್ಕನೆ ನಿಲ್ಲುವ ಆಟ ಬೇಕಿದ್ದರೆ ಇದು ಅಲ್ಲ.

ಅದಕ್ಕೆ ಬೇಕಾದದ್ದು ಯುರಿಥೇನ್ ಎಂಬ ಮೆತ್ತನೆಯ ಪ್ಲಾಸ್ಟಿಕ್‌ನ ಕವರ್. ಬಲಾಟಾದ ಜಾಗಕ್ಕೆ ಬಂದದ್ದೇ ಅದು, ಹೇಗೆ ಬಂತು ಅನ್ನುವುದನ್ನು ತಿಳಿದರೆ ಕೊಳ್ಳುವಾಗ ಅನುಕೂಲ. 1990ರ ದಶಕದ ನಡುವಿಗೆ ಟೈಟ್ಲಿಸ್ಟ್ ಪ್ರೊಫೆಷನಲ್ ಎಂಬ ಚೆಂಡು ದಾರದ ಉಂಡೆಯ ಮೇಲೆ ಯುರಿಥೇನ್ ಕವರ್ ಹೊದ್ದು ಬಂದಿತ್ತು. ಬಾಯಿ ಬಿಡುವ ಕಾಟ ಹೆಚ್ಚುಕಡಿಮೆ ಮುಗಿಯಿತು, ದಾರ ಮಾತ್ರ ಉಳಿದಿತ್ತು. ಅತ್ತ ಸ್ಪಾಲ್ಡಿಂಗ್ ಕಂಪನಿಯವರು ಗಟ್ಟಿ ಉಂಡೆಯ ಮೇಲೆ ಪದರ ಪದರವಾಗಿ ಮಾಡಿದ ಸ್ಟ್ರಾಟಾದಲ್ಲಿ ಆಡಿ ಮಾರ್ಕ್ ಒಮೇರಾ 1998ರಲ್ಲಿ ಮಾಸ್ಟರ್ಸ್ ಮತ್ತು ಓಪನ್ ಎರಡನ್ನೂ ಗೆದ್ದರು. 2000ದಲ್ಲಿ ಟೈಗರ್ ವುಡ್ಸ್ ದಾರದ ಚೆಂಡು ಬಿಟ್ಟು ನೈಕಿಯ ಗಟ್ಟಿ ಉಂಡೆಯದಕ್ಕೆ ಬಂದು, ಪೆಬಲ್ ಬೀಚ್‌ನ ಯು.ಎಸ್. ಓಪನ್ ಅನ್ನು 15 ಹೊಡೆತಗಳ ಅಂತರದಿಂದ ಗೆದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನ ಪಂದ್ಯದಲ್ಲಿ ಟೈಟ್ಲಿಸ್ಟ್ ಪ್ರೊ ವಿ1 ಮೊದಲ ಸಲ ಹೊರಬಂದಾಗ ಒಂದೇ ವಾರಕ್ಕೆ 47 ಆಟಗಾರರು ಅದನ್ನು ಹಿಡಿದರು. ಆಮೇಲೆ ದಾರ ಸುತ್ತುವ ಯಂತ್ರಗಳಿಗೆ ಕೆಲಸ ಉಳಿಯಲಿಲ್ಲ. ನೂರು ವರ್ಷ ನಡೆದ ಒಂದು ಕೈಗಾರಿಕೆ ಎರಡು ಮೂರು ವರ್ಷಗಳಲ್ಲಿ ಮುಗಿದುಹೋಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇಂದಿನ ಯುರಿಥೇನ್ ಚೆಂಡುಗಳಲ್ಲಿ ಯಾವುದು? ಕಪ್ಪು ಅಂಕಿಯ 100 ನಿಮ್ಮದಾಗಿದ್ದು ಇವತ್ತಿಗೂ ಜೋರಾಗಿ ಬೀಸುತ್ತೀರಾದರೆ ಪ್ರೊ ವಿ1 ಅಥವಾ ಸ್ರಿಕ್ಸನ್ ಝಡ್-ಸ್ಟಾರ್. ಪ್ರೊ ವಿ1ಎಕ್ಸ್ ಇನ್ನೂ ಬಿಗಿ, ಬಲಾಟಾದ ನೆನಪಿಗೆ ಅದು ನನಗೆ ದೂರ ಅನಿಸಿತು. ಕೆಂಪು ಅಂಕಿಯ 90 ಆಗಿದ್ದರೆ, ಅಥವಾ ವಯಸ್ಸಿನಿಂದ ಬೀಸುವ ವೇಗ ಇಳಿದಿದ್ದರೆ, ಯುರಿಥೇನ್ ಕವರ್ ಇದ್ದೂ ಉಂಡೆ ಮೆತ್ತಗಿರುವ ಸ್ರಿಕ್ಸನ್ ಕ್ಯೂ-ಸ್ಟಾರ್ ಟೂರ್, ಬ್ರಿಡ್ಜ್‌ಸ್ಟೋನ್ ಟೂರ್ ಬಿ ಆರ್‌ಎಕ್ಸ್‌ಎಸ್ ಥರದವು. ನನ್ನ ಮಟ್ಟಿಗೆ ಗ್ರೀನಿನ ಸುತ್ತ ಹಳೆಯ ಬಲಾಟಾಗೆ ಅತಿ ಹತ್ತಿರ ಬಂದದ್ದು ಈ ಎರಡನೆಯ ಗುಂಪು. ಡ್ರೈವರಿನಲ್ಲಿ ಮಾತ್ರ ಯಾವುದೂ ಹಾಗೆ ತಿರುಗುವುದಿಲ್ಲ, ಎಲ್ಲವೂ ನೇರ ಹೋಗುತ್ತವೆ. ಚೆಂಡನ್ನು ಬೇಕೆಂದೇ ಎಡಕ್ಕೂ ಬಲಕ್ಕೂ ಬಾಗಿಸಿ ಆಡುತ್ತಿದ್ದವರಿಗೆ ಇದು ನಿಜವಾದ ನಷ್ಟ, ಇವತ್ತಿನ ಅಂಗಡಿಯಲ್ಲಿ ಅದಕ್ಕೆ ಪರಿಹಾರವಿಲ್ಲ.

ಹೋಲಿಸಿ ನೋಡುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಎಲ್ಲರೂ ಮೊದಲು ಡ್ರೈವರ್ ಎತ್ತುತ್ತಾರೆ. ನೀವು ಗ್ರೀನಿನಿಂದ ಹಿಂದಕ್ಕೆ ಬನ್ನಿ. ಮೊದಲು ಪಟ್ಟರ್, ಕಣ್ಣು ಮುಚ್ಚಿ, ಸದ್ದಿಗಾಗಿ. ಆಮೇಲೆ ಇಪ್ಪತ್ತು ಮೂವತ್ತು ಗಜದ ಚಿಪ್, ಒಂದೊಂದು ಜಾತಿಯಲ್ಲಿ ಐದೈದು. ಆಮೇಲೆ ಮಧ್ಯದ ಐರನ್. ಡ್ರೈವರ್ ಕೊನೆಗೆ. ನೆನಪು ಹೆಚ್ಚಾಗಿ ಕುಳಿತಿರುವುದು ಮೊದಲ ಎರಡು ಹೊಡೆತಗಳಲ್ಲಿ.

ಟಾಪ್‌ಫ್ಲೈಟ್, ಪಿನಾಕಲ್ ಕಾಲದವರಿಗೆ

ಇಲ್ಲಿ ಆಯ್ಕೆ ಸುಲಭ. 1960ರ ದಶಕದಲ್ಲಿ ಡುಪಾಂಟ್ ಕಂಪನಿ ತಂದ ಸರ್ಲಿನ್ ಎಂಬ ರಾಳವನ್ನು ಕವರಿಗೆ ಬಳಸಿದ ಮೇಲೆ ಬಾಯಿ ಬಿಡದ ಚೆಂಡು ಬಂತು. ಒಳಗೆ ದಾರದ ಬದಲು ಗಟ್ಟಿ ಉಂಡೆ ಹಾಕಿದ ಎರಡು ತುಂಡಿನ ಚೆಂಡುಗಳು ದೂರ ಹೋಗುತ್ತಿದ್ದವು, ನೇರ ಹೋಗುತ್ತಿದ್ದವು, ಗ್ರೀನಿನಲ್ಲಿ ನಿಲ್ಲುತ್ತಿರಲಿಲ್ಲ. ಚೆನ್ನಾಗಿ ಆಡುವವರು ಅದನ್ನು ಕಲ್ಲು ಅನ್ನುತ್ತಿದ್ದರು. ಹೊಸ ಚೆಂಡು ಕೊಳ್ಳಲು ಕೈಲಾಗದ ನಮಗೆ ಅದು ವರವಾಗಿತ್ತು. ಒಂದು ಟಾಪ್‌ಫ್ಲೈಟ್ ಸಿಕ್ಕರೆ ಇಡೀ ರಜೆ ಕಳೆಯುತ್ತಿತ್ತು. ಕೆಮ್ಮಣ್ಣಿನ ನೆಲದ ಮೇಲೆ, ಗೋಡೆಗೆ, ಕಲ್ಲಿಗೆ ಹೊಡೆದರೂ ಮೈಮೇಲಿನ ಡಿಂಪಲ್ ಗುಳಿಗಳು ಸವೆಯುತ್ತಿದ್ದವೇ ಹೊರತು ಕವರ್ ಸೀಳುತ್ತಿರಲಿಲ್ಲ. ಕ್ಯಾಡಿ ಹುಡುಗರು ಆಟ ಕಲಿತದ್ದು ಇಂಥ ಚೆಂಡುಗಳಲ್ಲೇ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಅನ್ನು ಪ್ಲೇಆಫ್‌ನಲ್ಲಿ ಗೆದ್ದ ದಿನ, ಒಂದು ಕಾಲಕ್ಕೆ ಬ್ಯಾಗ್ ಹೊತ್ತ ನಮ್ಮಂಥವರ ಮನೆಗಳಲ್ಲಿ ಹಬ್ಬವೇ ಆಯಿತು.

ಈ ಚೆಂಡಿನ ನೆನಪು ನಿಮ್ಮದಾಗಿದ್ದರೆ ದುಬಾರಿ ಯುರಿಥೇನ್ ಕೊಂಡು ಬೇಸರಪಡಬೇಡಿ. ಪಿನಾಕಲ್ ಎಂಬ ಹೆಸರು 1980ರಿಂದ ಇವತ್ತಿನವರೆಗೂ ನಡೆದು ಬಂದಿದೆ. ಸ್ರಿಕ್ಸನ್ ಡಿಸ್ಟನ್ಸ್, ಟೈಟ್ಲಿಸ್ಟ್ ವೆಲಾಸಿಟಿ ಅದೇ ಸ್ವಭಾವದವು. ಇಂದಿನವು ಹಳೆಯ ಕಲ್ಲಿಗಿಂತ ಮೆದು, ಸದ್ದು ಅಷ್ಟು ಚುರುಕಲ್ಲ. ಟಾಪ್‌ಫ್ಲೈಟ್ ಹೆಸರು ಕೈ ಬದಲಾಗಿ ಈಗ ಅಮೆರಿಕದ ಒಂದು ಕ್ರೀಡಾ ಸಾಮಗ್ರಿ ಅಂಗಡಿ ಸರಣಿಯ ಸೊತ್ತು. ಅಲ್ಲಿರುವ ಮಕ್ಕಳು ಊರಿಗೆ ಬರುವಾಗ ಒಂದು ಡಜನ್ ತರಿಸಿಕೊಳ್ಳಬಹುದು. ಹೆಸರಿನ ಅಕ್ಷರ ನೋಡಿದ ಸಂತೋಷ ಖಂಡಿತ, ಒಳಗಿರುವುದು ಹೊಸ ಚೆಂಡು.

ಸಣ್ಣ ಚೆಂಡಿನ ವಿಷಯ

ಇದನ್ನು ನೆನೆಯುವವರು ಕಡಿಮೆಯಾಗುತ್ತಿದ್ದಾರೆ, ಆದರೆ ಅವರ ನೆನಪು ಎಲ್ಲರಿಗಿಂತ ಗಟ್ಟಿ. ಅಮೆರಿಕದವರು 1932ರಿಂದ 1.68 ಇಂಚಿನ ಚೆಂಡಿಗೆ ನಿಂತರು. ಬ್ರಿಟನ್ನಿನ ಆರ್ ಅಂಡ್ ಎ ನಿಯಮ ಪಾಲಿಸುವ ಕಡೆ, ನಮ್ಮ ದೇಶವೂ ಸೇರಿ, 1.62 ಇಂಚಿನದು ಸಲ್ಲುತ್ತಿತ್ತು. ಓಪನ್‌ನಲ್ಲಿ 1974ರಿಂದ ದೊಡ್ಡದು ಕಡ್ಡಾಯವಾಯಿತು, 1990ರಲ್ಲಿ ಸಣ್ಣದು ನಿಯಮಪುಸ್ತಕದಿಂದಲೇ ಹೋಯಿತು. ವ್ಯತ್ಯಾಸ ಒಂದೂವರೆ ಮಿಲಿಮೀಟರ್. ಕಾಗದದ ಮೇಲೆ ಏನೂ ಅಲ್ಲ. ಕಣ್ಣು ಮುಚ್ಚಿ ಎರಡು ಅಂಗೈಯಲ್ಲಿ ಒಂದೊಂದು ಇಟ್ಟು ಮುಷ್ಟಿ ಹಿಡಿಯಿರಿ, ಬೆರಳುಗಳಿಗೆ ತಕ್ಷಣ ಗೊತ್ತಾಗುತ್ತದೆ. ತೂಕದ ಮಿತಿ ಎರಡಕ್ಕೂ ಒಂದೇ, ಹೆಚ್ಚೆಂದರೆ 45.93 ಗ್ರಾಂ. ಹಾಗಾಗಿ ಸಣ್ಣದು ಕೈಗೆ ಭಾರ ಅನಿಸುತ್ತದೆ, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಹುಲ್ಲಿನಲ್ಲಿ ತಗ್ಗಿ ಕೂರುವುದರಿಂದ ಮರದ ಕ್ಲಬ್ಬಿನಲ್ಲಿ ಎತ್ತುವುದು ಕಷ್ಟ.

ಡನ್‌ಲಪ್ 65 ನನ್ನ ಮನಸ್ಸಿನಲ್ಲಿ ಇರುವುದು ಈ ಅಳತೆಯಲ್ಲಿ. 1934ರ ಓಪನ್‌ನಲ್ಲಿ, ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ, ಹೆನ್ರಿ ಕಾಟನ್ ಒಂದು ಸುತ್ತನ್ನು 65ಕ್ಕೆ ಮುಗಿಸಿದ ನೆನಪಿಗೆ ಇಟ್ಟ ಹೆಸರು ಅದು. ಹುಡುಗರಾಗಿದ್ದಾಗ ಅದು ಚೆಂಡಿನ ಬೆಲೆ ಎಂದುಕೊಂಡಿದ್ದೆವು. ಈ ಚೆಂಡಿಗೆ ಇಂದಿನ ಅಂಗಡಿಯಲ್ಲಿ ಬದಲಿ ಇಲ್ಲ. ನಿಯಮವೇ ಬಿಡದ ಅಳತೆಯನ್ನು ಯಾರೂ ಪೇಟೆಗೆ ತರುವುದಿಲ್ಲ. ಡನ್‌ಲಪ್‌ನ ಕ್ರೀಡಾ ಹೆಸರು ಇಂದು ಸ್ರಿಕ್ಸನ್ ಮಾಡುವ ಜಪಾನಿನ ಸುಮಿಟೊಮೊ ಕೈಯಲ್ಲಿದೆ. ವಂಶದ ಕೊಂಡಿ ಬೇಕೆನ್ನುವವರು ಸ್ರಿಕ್ಸನ್ ಕೊಳ್ಳಬಹುದು, ಮುಷ್ಟಿಗೆ ಮಾತ್ರ ಅದು ಬೇರೆಯೇ. ಸಣ್ಣ ಚೆಂಡೇ ಬೇಕು ಅಂದರೆ ಹಳೆಯ ಸ್ಟಾಕ್ ಒಂದೇ ದಾರಿ.

ಹಳೆಯ ಸ್ಟಾಕ್ ಕೊಳ್ಳುವಾಗ

ಪೆಟ್ಟಿಗೆ ಬಿಚ್ಚದ ಹಳೆಯ ಬಲಾಟಾಗಳು ಆನ್‌ಲೈನ್ ಹರಾಜಿನಲ್ಲಿ ಬರುತ್ತವೆ. ಮನೆಯವರು ಅಟ್ಟ ಖಾಲಿ ಮಾಡುವಾಗಲೂ ಸಿಗುತ್ತವೆ. ನಾನು ಎರಡೂ ಕಡೆಯಿಂದ ಕೊಂಡಿದ್ದೇನೆ. ದುಡ್ಡು ಕೊಡುವ ಮುಂಚೆ ಒಂದು ವಿಷಯ ಒಪ್ಪಿಕೊಳ್ಳಬೇಕು: ದಾರ ಸುತ್ತಿದ ಚೆಂಡು ಸುಮ್ಮನೆ ಇಟ್ಟರೂ ಮುಪ್ಪಾಗುತ್ತದೆ. ಎಳೆದು ಕಟ್ಟಿದ ರಬ್ಬರ್ ವರ್ಷಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ, ಬಲಾಟಾ ಹಳದಿಗೆ ತಿರುಗಿ ಗಟ್ಟಿಯಾಗುತ್ತದೆ. ನಲವತ್ತು ವರ್ಷ ಹಳೆಯ ಚೆಂಡನ್ನು ಹೊಡೆದು "ನಮ್ಮ ಕಾಲದಲ್ಲಿ ಇಷ್ಟೇ ಹೋಗುತ್ತಿತ್ತು" ಎನ್ನುವುದು ಆ ಚೆಂಡಿಗೆ ಮಾಡುವ ಅನ್ಯಾಯ. ಅದು ಹೊಸದಾಗಿದ್ದಾಗ ಇದಕ್ಕಿಂತ ಚುರುಕಾಗಿತ್ತು.

ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಮೊದಲು ಕವರಿನ ನಡುಪಟ್ಟಿಯಲ್ಲಿ ಕೂದಲೆಳೆ ಬಿರುಕು ಇದೆಯೇ ನೋಡಿ. ಆಮೇಲೆ ಅಂಗೈಯಲ್ಲಿ ಉರುಳಿಸಿ, ಎಲ್ಲಾದರೂ ಚಪ್ಪಟೆ ಆಗಿದ್ದರೆ ತಿಳಿಯುತ್ತದೆ. ಮನೆಯಲ್ಲಿ ಇನ್ನೊಂದು ಪರೀಕ್ಷೆ. ಗಾಜಿನ ಪಾತ್ರೆಯಲ್ಲಿ ಬೆಚ್ಚಗಿನ ನೀರಿಗೆ ಉಪ್ಪು ಹಾಕುತ್ತಾ ಕದಡಿ, ಚೆಂಡು ಮೇಲೆ ಬಂದು ತೇಲುವವರೆಗೆ. ಉಪ್ಪು ಹಿಡಿತುಂಬ ಬೇಕಾಗುತ್ತದೆ. ತೇಲುವ ತುದಿಗೆ ಪೆನ್ನಿನಿಂದ ಚುಕ್ಕಿ ಇಟ್ಟು ಚೆಂಡನ್ನು ತಿರುಗಿಸಿ ಬಿಡಿ. ಪ್ರತಿ ಸಲ ಅದೇ ಚುಕ್ಕಿ ಮೇಲೆ ಬಂದರೆ ಭಾರ ನಡುವಿನಲ್ಲಿಲ್ಲ. ಪಟ್ ಮಾಡುವಾಗ ದಾರಿ ಬಿಡುವ ಚೆಂಡು ಅದು, ಅದನ್ನು ಕಪಾಟಿಗೆ ಇಡಿ. ಚುಕ್ಕಿ ಎಲ್ಲೆಂದರಲ್ಲಿ ನಿಂತರೆ ಆಡಲಿಕ್ಕೆ ಯೋಗ್ಯ. ಪರೀಕ್ಷೆ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಒರೆಸಿ.

ಸ್ಪರ್ಧೆಯಲ್ಲಿ ಬಳಸುವ ಯೋಚನೆ ಬೇಡ. ಅನುಮೋದಿತ ಚೆಂಡುಗಳ ಪಟ್ಟಿಯಿಂದಲೇ ಆಡಬೇಕು ಎಂಬ ನಿಯಮ ಇಟ್ಟ ಪಂದ್ಯದಲ್ಲಿ ಇವು ಸಲ್ಲುವುದಿಲ್ಲ. ಗೆಳೆಯರ ಜೊತೆ ಸಂಜೆಯ ಆಟಕ್ಕೆ ಅಡ್ಡಿಯಿಲ್ಲ.

ಬರೀ ಕಣ್ಣಿನ ಆಸೆಗೆ ಕೊಳ್ಳುವವರಿದ್ದಾರೆ, ಅದೂ ಒಳ್ಳೆಯ ಕಾರಣವೇ. ಹಳೆಯ ಚೆಂಡಿನಲ್ಲಿ 336 ಡಿಂಪಲ್ ಇರುತ್ತಿದ್ದವು, ಎಂಟು ತ್ರಿಕೋನಗಳಾಗಿ ಸಾಲು ಸಾಲಾಗಿ ಜೋಡಿಸಿ. ಬೆಳಕಿಗೆ ಹಿಡಿದು ತಿರುಗಿಸಿದರೆ ರಂಗೋಲಿಯ ಚುಕ್ಕಿ ಸಾಲಿನ ಹಾಗೆ ಕಾಣುತ್ತದೆ. ಇಂದಿನ ಪ್ರೊ ವಿ1ರಲ್ಲಿ 388 ಇವೆ. ಅವು ಒತ್ತೊತ್ತಾಗಿ ಹೆಣೆದುಕೊಂಡು ಹಾರಾಟಕ್ಕೆ ಎಷ್ಟೋ ಮೇಲು, ಆದರೆ ಕಣ್ಣಿಗೆ ಆ ಸಾಲು ಸಿಗುವುದಿಲ್ಲ.

ಕ್ಲಬ್ ಕೂಡ ಲೆಕ್ಕಕ್ಕೆ ಬರುತ್ತದೆ

ಇದನ್ನು ಎಷ್ಟೋ ಜನ ಮರೆಯುತ್ತಾರೆ. ಆ "ಥಪ್" ಸದ್ದಿನಲ್ಲಿ ಅರ್ಧ ಚೆಂಡಿನದಾದರೆ ಇನ್ನರ್ಧ ಪರ್ಸಿಮನ್ ಮರದಲ್ಲಿ ಮಾಡಿದ ಕ್ಲಬ್ಬಿನ ತಲೆಯದು. ಹಳೆಯ ಬಲಾಟಾವನ್ನು ಇಂದಿನ 460 ಸಿಸಿ ಟೈಟಾನಿಯಂ ಡ್ರೈವರಿನಲ್ಲಿ ಹೊಡೆದರೆ ತಗಡು ಬಡಿದ ಹಾಗೆ ಕೇಳುತ್ತದೆ, ನೆನಪಿನ ತಂತಿ ಮಿಡಿಯುವುದಿಲ್ಲ. ಅದೇ ಒಂದು ಮೆತ್ತನೆಯ ಇಂದಿನ ಚೆಂಡನ್ನು ಮರದ ಡ್ರೈವರಿನಲ್ಲಿ ಹೊಡೆದು ನೋಡಿ, ನಲವತ್ತು ವರ್ಷ ಹಿಂದಕ್ಕೆ ಹೋಗುತ್ತೀರಿ. ದುಡ್ಡು ಒಂದಕ್ಕೇ ಹಾಕುವುದಾದರೆ ಹಳೆಯ ಚೆಂಡಿನ ಡಜನ್‌ಗಿಂತ ಒಂದು ಹಳೆಯ ಮರದ ಕ್ಲಬ್ ಕೊಳ್ಳಿ ಎಂಬುದು ನನ್ನ ಸಲಹೆ. ಚೆಂಡು ನಾಲ್ಕು ಹೊಡೆತಕ್ಕೆ ಮುಗಿಯುತ್ತದೆ, ಕ್ಲಬ್ ಉಳಿಯುತ್ತದೆ. ಎಚ್ಚರ ಒಂದೇ: ಆ ಮರದ ತಲೆಗೆ ರೇಂಜಿನ ಗಟ್ಟಿ ಚೆಂಡು, ಕಲ್ಲಿನಂಥ ಎರಡು ತುಂಡಿನ ಚೆಂಡು ಹೊಡೆಯಬೇಡಿ. ಮುಖದ ನಡುವೆ ಕೂರಿಸಿದ ತುಂಡು ಸಡಿಲವಾಗುತ್ತದೆ, ಮರ ಬಿರುಕು ಬಿಡುತ್ತದೆ. ಮೇಲೆ ಹೇಳಿದ ಸಾಫ್ಟ್ ಚೆಂಡುಗಳಿಗೆ ತಕ್ಕ ಜಾಗ ಇದೇ.

ನನ್ನ ಬ್ಯಾಗಿನಲ್ಲಿ ಈಗ ಇರುವುದು ಕ್ಯೂ-ಸ್ಟಾರ್ ಟೂರ್, ವಾರದ ಆಟಕ್ಕೆ. ಪಕ್ಕದ ಜೇಬಿನಲ್ಲಿ ಉಪ್ಪುನೀರಿನಲ್ಲಿ ತೇಲಿಸಿ ಆರಿಸಿದ ಎರಡು ಹಳೆಯ ಟೂರ್ ಬಲಾಟಾ. ತಿಂಗಳಿಗೊಮ್ಮೆ, ಹಿಂದೆ ಬರುವವರು ಯಾರೂ ಇಲ್ಲದ ಸಂಜೆ, ಕೊನೆಯ ಗ್ರೀನಿನ ಪಕ್ಕದಿಂದ ವೆಡ್ಜ್‌ನಲ್ಲಿ ಹತ್ತು ಚಿಪ್ ಹೊಡೆಯುತ್ತೇನೆ, ಅಷ್ಟೇ. ಬೇರೆ ಐರನ್ ಮುಟ್ಟುವುದಿಲ್ಲ. ಕಪ್ಪು 3ರ ಕೆಳಗೆ ಬಾಯಿ ಬಿಟ್ಟ ಚೆಂಡು ಮನೆಯ ಕಪಾಟಿನಲ್ಲಿದೆ. ಸೀಳಿನೊಳಗಿನ ದಾರ ಈಗ ಒಣಗಿ ಪುಡಿಯಾಗುತ್ತಿದೆ, ಒರೆಸುವಾಗ ಬಟ್ಟೆಗೆ ಕಂದು ಧೂಳು ಹತ್ತುತ್ತದೆ.